ಹಳೆ ಅಡಿಕೆಗೆ ಬೆಲೆ ಉಂಟು, ಹಳೆ ಕಂಪ್ಯೂಟರಿಗೆ?

ನಮ್ಮ ಕಡೆ ಅಡಿಕೆಯನ್ನು ಕೊಯ್ದ ವರ್ಷವೇ ಮಾರುವವರು ಕಡಿಮೆ. ಕೈಯಲ್ಲಿ ತೀರಾ ಅಡಚಣೆ ಇಲ್ಲದಿದ್ದರೆ ಒಣಗಿಸಿ, ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಏರಿಸುತ್ತಾರೆ. ಹೊಸ ಅಡಿಕೆಗಿಂತ ಹಳೆ ಅಡಿಕೆಗೆ ಕಿಲೋಗೆ ಹೆಚ್ಚು ಸಿಗುತ್ತದೆ. ಇನ್ನೂ ಒಂದು ವರ್ಷ ಇಟ್ಟು ಡಬ್ಬಲ್ ಚೋಲು ಮಾಡಿದರೆ ಮತ್ತೂ ಹೆಚ್ಚು. ಆದುದರಿಂದ ಕಾಸರಗೋಡಿನ ತೋಟದ ಮನೆಗಳಲ್ಲಿ "ಸ್ವಲ್ಪ ಕಾಯುವ" ಎನ್ನುವುದು ಸೋಮಾರಿಯ ಮಾತಲ್ಲ, ಲೆಕ್ಕ ಗೊತ್ತಿದ್ದವನ ಮಾತು.

ಕಂಪ್ಯೂಟರು ನಮ್ಮ ಶಾಲೆಗಳಿಗೆ ಬಂದದ್ದು ಈ ಲೆಕ್ಕವನ್ನು ತಲೆಕೆಳಗು ಮಾಡಿಕೊಂಡು. ಪೆಟ್ಟಿಗೆ ಬಿಡಿಸಿದ ದಿನವೇ ಅದರ ಬೆಲೆ ಇಳಿಯಲು ಸುರು. ಅಟ್ಟದಲ್ಲಿಟ್ಟರೆ ಡಬ್ಬಲ್ ಚೋಲಿನ ಬದಲು ಗುಜರಿ ಆಗುತ್ತದೆ. ಹಾಗಾದರೆ ಕೊಳ್ಳುವವನು ಕಾಯಬೇಕಲ್ಲ? ಇಂದು ಮೂವತ್ತು ಸಾವಿರಕ್ಕೆ ಸಿಗುವುದು ಆರು ತಿಂಗಳಲ್ಲಿ ಇಪ್ಪತ್ತೈದಕ್ಕೆ ಸಿಗುತ್ತದೆ, ಅದೂ ಇದಕ್ಕಿಂತ ಒಳ್ಳೆಯದು. ಇದಕ್ಕೆ ಎದುರು ಹೇಳಲು ಮೊದಲ ನೋಟಕ್ಕೆ ಏನೂ ಇಲ್ಲ. ಕಷ್ಟ ಎಂತದ್ದೆಂದರೆ, ಆರು ತಿಂಗಳು ಕಳೆದ ಮೇಲೂ ಇದೇ ಮಾತನ್ನು ಇದೇ ಧೈರ್ಯದಲ್ಲಿ ಪುನಃ ಹೇಳಬಹುದು.

2001ರಲ್ಲಿ ನಮ್ಮ ಶಾಲೆಗೆ ಮೊದಲ ಕಂಪ್ಯೂಟರು ತಂದೆವು. ಕೇರಳ ಸರಕಾರದ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾದದ್ದೂ ಅದೇ ವರ್ಷ. ಆದರೆ ಅದರ ಯಂತ್ರಗಳು ನಮ್ಮಂಥ ಮೂಲೆಯ ಕನ್ನಡ ಶಾಲೆಗೆ ಮುಟ್ಟಲು ಇನ್ನೂ ಕಾಲ ಇತ್ತು. ಹಾಗಾಗಿ ಪಿಟಿಎಯಲ್ಲಿ ದುಡ್ಡು ಎತ್ತುವುದೆಂದು ತೀರ್ಮಾನವಾಯಿತು. ಆ ವರ್ಷ ಅಡಿಕೆ ಬೆಲೆ ಕುಸಿದು ಬಿದ್ದಿತ್ತು ಎಂಬುದು ಇಲ್ಲಿಯ ಹಿರಿಯರಿಗೆ ನೆನಪಿರಬಹುದು. ಎರಡು ವರ್ಷದ ಹಿಂದೆ ಜೀಪು ತೆಗೆದವರು ಅದನ್ನು ಮಾರಲು ನೋಡುತ್ತಿದ್ದ ಕಾಲ ಅದು. ಅಂಥ ವರ್ಷದಲ್ಲಿ ತೋಟದವರು ಐನೂರು ಕೊಟ್ಟರು, ಕೂಲಿಯವರು ನೂರು ಕೊಟ್ಟರು, ಬೀಡಿ ಕಟ್ಟುವ ಅಮ್ಮಂದಿರು ಐವತ್ತೈವತ್ತು ಕೊಟ್ಟರು. ಕಡಿಮೆ ಬಿದ್ದದ್ದನ್ನು ನಾವು ಅಧ್ಯಾಪಕರು ಹಾಕಿದೆವು. ಒಟ್ಟು 34 ಸಾವಿರ.

ಆ ಸಭೆಯಲ್ಲೇ ಕಾಯುವ ಪಕ್ಷದವರೂ ಇದ್ದರು. ಅವರ ಕೈಯಲ್ಲಿ ಒಂದು ಪತ್ರಿಕೆಯ ತುಂಡು ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಕೆಲವು ಎಂಜಿನಿಯರುಗಳೂ ಸೇರಿ "ಸಿಂಪ್ಯೂಟರ್" ಎಂಬ ಅಂಗೈ ಅಗಲದ ಯಂತ್ರ ಮಾಡಿದ್ದಾರೆ, ಅದು ಒಂಬತ್ತು ಸಾವಿರದ ಆಸುಪಾಸಿನಲ್ಲಿ ಸಿಗಲಿದೆ, ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ ಎಂದೆಲ್ಲ ಅದರಲ್ಲಿ ಇತ್ತು. 2001ರ ಏಪ್ರಿಲಿನಲ್ಲಿ ಅದರ ಮಾದರಿಯನ್ನು ತೋರಿಸಿದ್ದೂ ನಿಜ. "ಒಂದರ ದುಡ್ಡಿಗೆ ಮೂರು ಬರ್ತದೆ ಮಾಸ್ಟ್ರೇ, ನಮ್ಮ ಭಾಷೆಯದ್ದೇ. ಎಂತಕ್ಕೆ ಅವಸರ?" ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆಯೇ. ನಮ್ಮ ಹೆಡ್ಮಾಸ್ಟ್ರು ಮಾತ್ರ, "ಬಂದ ಮೇಲೆ ಅದನ್ನೂ ತರುವ, ಈಗ ಅಂಗಡಿಯಲ್ಲಿ ಇರುವುದನ್ನು ತರುವ" ಎಂದು ಅಲ್ಲಿಗೆ ಮುಗಿಸಿದರು.

ಅವಸರಕ್ಕೆ ಕಾರಣ ಇತ್ತು. ಆ ವರ್ಷ ಹತ್ತನೆಯ ತರಗತಿಯ ಎರಡು ಕನ್ನಡ ಪಠ್ಯಪುಸ್ತಕಗಳು ಜೂನ್ ದಾಟಿದರೂ ಬಂದಿರಲಿಲ್ಲ. ಕನ್ನಡ ಪುಸ್ತಕ ತಡವಾಗಿ ಬರುವುದು ಗಡಿಯ ಶಾಲೆಗಳಿಗೆ ಹೊಸ ಸಂಗತಿ ಅಲ್ಲ, ಇದನ್ನು ಓದುವವರಿಗೆ ವಿವರಿಸಬೇಕಾಗಿಯೂ ಇಲ್ಲ. ಮಲಯಾಳ ಪುಸ್ತಕ ಕೈಯಲ್ಲಿರುತ್ತದೆ, ಅದನ್ನು ನೋಡಿ ಕನ್ನಡದಲ್ಲಿ ಪಾಠ ಮಾಡುತ್ತೇವೆ, ಮಕ್ಕಳು ಬರೆದುಕೊಳ್ಳುತ್ತಾರೆ. ಒಂದು ಪೀರಿಯಡ್ಡಿನಲ್ಲಿ ಮುಕ್ಕಾಲು ಪಾಲು ಬರೆಸುವುದರಲ್ಲೇ ಹೋಗುತ್ತದೆ. ಓಣಂ ಪರೀಕ್ಷೆಗೆ ಎರಡೇ ತಿಂಗಳು ಇತ್ತು. ಹತ್ತನೆಯದರಲ್ಲಿ 31 ಮಕ್ಕಳು.

ಜುಲೈ ಮೊದಲ ಶನಿವಾರ, ಕಡ ಕೇಳಿ ತಂದ ಜೀಪಿನಲ್ಲಿ ಮಂಗಳೂರಿಗೆ ಹೋಗಿ ತಂದೆವು. ಸೆಲೆರಾನ್ ಪ್ರೊಸೆಸರು, 64 ಎಂಬಿ ಮೆಮೊರಿ, 10 ಜಿಬಿ ಹಾರ್ಡ್ ಡಿಸ್ಕು, ಹದಿನೈದು ಇಂಚಿನ ದಪ್ಪ ಬೆನ್ನಿನ ಮಾನಿಟರು, ಫ್ಲಾಪಿ ಡ್ರೈವು, ವಿಂಡೋಸ್ 98. ಜತೆಗೆ ಒಂದು ಯುಪಿಎಸ್, ಸೆಕೆಂಡ್ ಹ್ಯಾಂಡ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಆ ಕಾಲದಲ್ಲಿ ತಲಪಾಡಿ ದಾಟಿ ಸಾಮಾನು ತರುವುದೆಂದರೆ ಮಂಜೇಶ್ವರದ ತೆರಿಗೆ ಚೆಕ್‌ಪೋಸ್ಟಿನಲ್ಲಿ ಕಾಗದ ತೋರಿಸಬೇಕು. ಶಾಲೆಯ ಸೀಲು ಹಾಕಿದ ಪತ್ರ, ಅಂಗಡಿಯ ಬಿಲ್ಲು, ಎಲ್ಲ ಇಟ್ಟುಕೊಂಡಿದ್ದರೂ ಎರಡು ಗಂಟೆ ಮಳೆಯಲ್ಲಿ ನಿಂತೆವು. ಮಾನಿಟರಿನ ಪೆಟ್ಟಿಗೆಗೆ ಟಾರ್ಪಾಲು, ನಮಗೆ ಜೀಪಿನ ಪಕ್ಕೆ.

ಕನ್ನಡಕ್ಕೆ ಬರಹ ಇತ್ತು. ಶೇಷಾದ್ರಿವಾಸು ಅವರ ಬರಹ 1998ರಲ್ಲೇ ಬಂದಿತ್ತು, ದುಡ್ಡು ಕೊಡಬೇಕಾಗಿರಲಿಲ್ಲ. ಮಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಹಳೆ ವಿದ್ಯಾರ್ಥಿಯೊಬ್ಬ ಫ್ಲಾಪಿಗಳಲ್ಲಿ ತಂದು ಹಾಕಿಕೊಟ್ಟ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬೀಳುತ್ತದೆ. ಚಿಕ್ಕಕ್ಷರದ ಎಲ್ ಒತ್ತಿದರೆ ಲ, ದೊಡ್ಡಕ್ಷರದ ಎಲ್ ಒತ್ತಿದರೆ ಳ. ಕಾಪಿ ಪುಸ್ತಕದಲ್ಲಿ ಲ-ಳ ಬೆರೆಸುತ್ತಿದ್ದ ಮಕ್ಕಳು ಶಿಫ್ಟ್ ಕೀಲಿಯಿಂದಾಗಿ ಅದನ್ನು ತಿದ್ದಿಕೊಂಡದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮುಂದೆ ನುಡಿ ಬಂತು. ಅದರ ಕೀಲಿಮಣೆ ನಮ್ಮ ಮಂಗಳೂರು ಬದಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರ ವಿನ್ಯಾಸ. ಆದರೆ ನಮ್ಮ ಬೆರಳು ಅಷ್ಟರಲ್ಲಿ ಬರಹಕ್ಕೆ ಬಗ್ಗಿ ಆಗಿತ್ತು.

ಕೆಲಸ ಹೀಗೆ ನಡೆಯಿತು. ಸಮಾಜ ಮಾಸ್ಟ್ರು ಮಲಯಾಳ ಪುಸ್ತಕ ನೋಡಿ ಕನ್ನಡದಲ್ಲಿ ಬರೆಯುವುದು, ವಿಜ್ಞಾನ ಟೀಚರು ಅವರ ಭಾಗ ಬರೆಯುವುದು, ಸಂಜೆ ನಾಲ್ಕರ ಮೇಲೆ ಒಬ್ಬರು ಓದಿ ಇನ್ನೊಬ್ಬರು ಟೈಪು ಮಾಡುವುದು. ಕರೆಂಟು ಹೋದರೆ ಯುಪಿಎಸ್ ಕಿರುಚುವಷ್ಟರಲ್ಲಿ ಸೇವ್ ಮಾಡುವುದು. ಪ್ರಿಂಟರಿನ ರಿಬ್ಬನ್ ತೆಗೆದು ಸ್ಟೆನ್ಸಿಲ್ ಹಾಳೆ ಹಾಕಿದರೆ ಪಿನ್ನುಗಳೇ ಅಕ್ಷರ ಕೊರೆಯುತ್ತವೆ, ಅದನ್ನು ಶಾಲೆಯ ಹಳೆ ಸೈಕ್ಲೋಸ್ಟೈಲ್ ಯಂತ್ರಕ್ಕೆ ಹಾಕಿ ತಿರುಗಿಸಿದರೆ ಮೂವತ್ತು ಪ್ರತಿ. ಹೀಗೆ ಡಿಸೆಂಬರದೊಳಗೆ ನೂರ ನಲವತ್ತು ಪುಟ ಆಯಿತು. ಹೊಲಿದು, ರಟ್ಟು ಹಾಕಿ, ಮಕ್ಕಳ ಕೈಗೆ ಕೊಟ್ಟೆವು. ಎರಡು ಪುಸ್ತಕಗಳಲ್ಲಿ ಒಂದು ಸಪ್ಟೆಂಬರದಲ್ಲಿ ಬಂತು, ಇನ್ನೊಂದು ಕ್ರಿಸ್ಮಸ್ ಪರೀಕ್ಷೆ ಹತ್ತಿರವಾದಾಗ.

ಅಷ್ಟರಲ್ಲಿ ಹೊರಗಿನ ಲೋಕದಲ್ಲಿ ಬೇರೆ ನಡೆಯುತ್ತಿತ್ತು. ಆ ವರ್ಷ ಮೆಮೊರಿ ಚಿಪ್ಪುಗಳ ಬೆಲೆ ಅಡಿಕೆಗಿಂತ ಕೆಟ್ಟದಾಗಿ ಬಿತ್ತು, ಮಾಡಿದ್ದು ಹೆಚ್ಚು, ಕೊಳ್ಳುವವರು ಕಡಿಮೆ. ಆಗಸ್ಟಿನಲ್ಲಿ ಇಂಟೆಲಿನವರು ಹೊಸ ವೇಗದ ಪೆಂಟಿಯಂ 4 ಬಿಟ್ಟು, ಹಿಂದಿನ ಕೆಲವು ಚಿಪ್ಪುಗಳ ಬೆಲೆಯನ್ನು ಅರ್ಧಕ್ಕೆ ಇಳಿಸಿದರು. ಅಕ್ಟೋಬರ 25ಕ್ಕೆ ವಿಂಡೋಸ್ ಎಕ್ಸ್‌ಪಿ ಬಂತು. ಜನವರಿಯಲ್ಲಿ ಪತ್ರಿಕೆಯ ಜಾಹೀರಾತು: 128 ಎಂಬಿ ಮೆಮೊರಿ, 20 ಜಿಬಿ ಡಿಸ್ಕು, ವಿಂಡೋಸ್ ಎಕ್ಸ್‌ಪಿ, 27,500 ರೂಪಾಯಿ. ಎರಡು ಪಟ್ಟು ಯಂತ್ರ, ಆರೂವರೆ ಸಾವಿರ ಕಡಿಮೆ.

ಜನವರಿ ಕೊನೆಯ ಪಿಟಿಎ ಸಭೆಗೆ ಆ ಜಾಹೀರಾತು ನಮಗಿಂತ ಮೊದಲೇ ಬಂದು ಕೂತಿತ್ತು.

"ಆರೂವರೆ ಸಾವಿರ ಮಾಸ್ಟ್ರೇ! ಆರು ತಿಂಗಳಲ್ಲಿ! ಇಂದಿನ ರೇಟಿಗೆ ಎಷ್ಟು ಅಡಿಕೆ ಮಾರ್ಬೇಕು ಗೊತ್ತುಂಟಾ?"

"ಅಂಗಡಿಯವನಿಗೆ ಗೊತ್ತಿರ್ಲಿಲ್ವಾ ಮಾರಾಯ್ರೆ? ಅವ ಹೇಳ್ಬಹುದಿತ್ತಲ್ಲ?"

ಅಂಗಡಿಯವನಿಗೆ ಗೊತ್ತಿದ್ದಿರಬೇಕು. ಎಕ್ಸ್‌ಪಿ ಬರುವ ತಾರೀಕನ್ನು ಮೈಕ್ರೋಸಾಫ್ಟಿನವರು ಮೇ ತಿಂಗಳಲ್ಲೇ ಹೇಳಿದ್ದರು. ಹಳೆ ಸರಕು ಗೋಡೌನಿನಲ್ಲಿ ಇರುವಾಗ ಹೊಸತು ಬರುತ್ತದೆಂದು ಯಾವ ವ್ಯಾಪಾರಿ ಗಿರಾಕಿಗೆ ಹೇಳುತ್ತಾನೆ? ಬಟ್ಟೆ ಅಂಗಡಿಯವರು ಹೇಳುತ್ತಾರಾ? ನಮಗೆ ಆ ಮನುಷ್ಯನ ಮೇಲೆ ಆಗ ಸಿಟ್ಟು ಬಂದದ್ದು ನಿಜ, ಈಗ ಅಷ್ಟು ಇಲ್ಲ. ಹೇಳಿ ಕೆಟ್ಟವರ ಕತೆಯನ್ನು ಆಮೇಲೆ ಓದಿದ್ದೇವೆ.

ಅದು ಆಡಂ ಆಸ್ಬಾರ್ನ್ ಎಂಬವರ ಕತೆ. 1981ರಲ್ಲಿ ಎತ್ತಿಕೊಂಡು ಹೋಗಬಹುದಾದ ಕಂಪ್ಯೂಟರನ್ನು ಅಮೆರಿಕದ ಮಾರುಕಟ್ಟೆಗೆ ತಂದವರು. ತೂಕ ಹನ್ನೊಂದು ಕಿಲೋ, ಬೆಲೆ 1,795 ಡಾಲರು. ಕೈಯಲ್ಲಿ ಹಿಡಿದು ನಡೆದರೆ ಒಂದು ಭುಜ ಇಳಿಯುತ್ತಿತ್ತು, ಆದರೂ ಜನ ಮುಗಿಬಿದ್ದು ಕೊಂಡರು. 1983ರಲ್ಲಿ ಅವರು ಇದಕ್ಕಿಂತ ಒಳ್ಳೆಯದು ಬರಲಿದೆ ಎಂದು ಮೊದಲೇ ಸಾರಿದರು. ಜನ ಸಹಜವಾಗಿ "ಹಾಗಾದರೆ ಕಾಯುವ" ಅಂದರು. ಹಳೆಯದು ಗೋಡೌನಿನಲ್ಲಿ ಉಳಿಯಿತು, ಹೊಸತು ಬರುವಷ್ಟರಲ್ಲಿ ಕೈಯಲ್ಲಿ ದುಡ್ಡಿಲ್ಲ, ಅದೇ ಸಪ್ಟೆಂಬರದಲ್ಲಿ ಕಂಪೆನಿ ದಿವಾಳಿ. ವ್ಯಾಪಾರದ ಪುಸ್ತಕಗಳಲ್ಲಿ ಇದಕ್ಕೆ "ಆಸ್ಬಾರ್ನ್ ಪರಿಣಾಮ" ಎಂದೇ ಹೆಸರಿದೆ. ಎದುರಾಳಿ ಕಂಪೆನಿಗಳ ಪೈಪೋಟಿಯೂ ಹಣದ ಅಡ್ಡಾದಿಡ್ಡಿ ನಿರ್ವಹಣೆಯೂ ಅಷ್ಟೇ ಕಾರಣ, ಘೋಷಣೆ ಒಂದೇ ಅಲ್ಲ ಎಂದು ಹೇಳುವವರೂ ಇದ್ದಾರೆ. ಅದು ಸರಿಯೇ ಇರಬೇಕು, ಒಂದು ಮಾತಿನಿಂದ ಕಂಪೆನಿ ಮುಳುಗುವುದು ಕತೆಗೆ ಮಾತ್ರ ಚಂದ. ಅಂದ ಹಾಗೆ ಈ ಆಸ್ಬಾರ್ನ್ ನಮಗೆ ಅಷ್ಟು ದೂರದವರಲ್ಲ. ಅವರ ತಂದೆ ಆರ್ಥರ್ ಆಸ್ಬಾರ್ನ್ ರಮಣ ಮಹರ್ಷಿಗಳ ಬಗ್ಗೆ ಪುಸ್ತಕ ಬರೆದವರು. ಹುಡುಗ ಬಾಲ್ಯ ಕಳೆದದ್ದು ತಿರುವಣ್ಣಾಮಲೆಯಲ್ಲಿ. ಕೊನೆಗೆ 2003ರಲ್ಲಿ ತೀರಿಕೊಂಡದ್ದು ಕೊಡೈಕನಾಲಿನಲ್ಲಿ.

ಪಿಟಿಎ ಸಭೆಗೆ ಬರೋಣ. ಲೆಕ್ಕ ಹೇಳಿದವರು ಹೇಳಿ ಮುಗಿಸಿದ ಮೇಲೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬರು ಅಮ್ಮ ಎದ್ದು ನಿಂತು, "ಹಾಗಾದ್ರೆ ನನ್ನ ಐವತ್ತು ರುಪಾಯಿ ಹೋಯ್ತಾ ಟೀಚರೇ?" ಎಂದು ಕೇಳಿದರು. ಜಗಳಕ್ಕೆ ಕೇಳಿದ್ದಲ್ಲ. ಬೀಡಿಯ ಮಜೂರಿಯಿಂದ ತೆಗೆದಿಟ್ಟ ದುಡ್ಡು, ತಿಳಿದುಕೊಳ್ಳಬೇಕಿತ್ತು, ಅಷ್ಟೆ. ನಾವು ಉತ್ತರ ಹುಡುಕುತ್ತಿರುವಾಗ ಅವರೇ ಮುಂದುವರಿಸಿದರು. "ಅಲ್ಲ, ಹುಡುಗ ಮನೇಲಿ ಓದುದು ನೀವು ಕೊಟ್ಟ ಆ ಹೊಲಿದ ಪುಸ್ತಕವನ್ನೇ. ಅದು ಆ ಮಿಶನಿನದ್ದೇ ಅಲ್ವಾ?"

ಹೌದು ಅಂದೆವು. ಅವರು ಕೂತರು. ಆರೂವರೆ ಸಾವಿರದ ಮಾತು ಮುಂದೆಯೂ ಎರಡು ಸಭೆಗಳಲ್ಲಿ ಬಂತು, ಆದರೆ ಐವತ್ತು ರೂಪಾಯಿಯ ಮಾತು ಬರಲಿಲ್ಲ.

ಆ ಅಮ್ಮನ ಮಾತಿನಲ್ಲಿ ಒಂದು ಲೆಕ್ಕ ಇತ್ತು, ಅದನ್ನು ನಾವು ಬಿಡಿಸಿ ಹೇಳಲು ಕೆಲವು ವರ್ಷ ಬೇಕಾಯಿತು. ಅಂಗಡಿಯ ಲೆಕ್ಕ ಮಾಡೆಲಿನಲ್ಲಿ ನಡೆಯುತ್ತದೆ, ಶಾಲೆಯ ಲೆಕ್ಕ ಬ್ಯಾಚಿನಲ್ಲಿ. ಆ 31 ಮಕ್ಕಳು ಹತ್ತನೆಯ ತರಗತಿಯಲ್ಲಿ ಇದ್ದದ್ದು 2001ರ ಜೂನಿನಿಂದ 2002ರ ಮಾರ್ಚ್ ತನಕ ಮಾತ್ರ. ಜನವರಿಯಲ್ಲಿ ಬಂದ ಅಗ್ಗದ ಯಂತ್ರ ಎಷ್ಟೇ ಒಳ್ಳೆಯದಾದರೂ ಅದಕ್ಕೆ ಜುಲೈ ತಿಂಗಳ ನೋಟ್ಸು ಟೈಪು ಮಾಡಲು ಆಗುವುದಿಲ್ಲ. ಆರೂವರೆ ಸಾವಿರ ಎಂಬುದು ಆರು ತಿಂಗಳ ಬಾಡಿಗೆ ಎಂದು ಇಟ್ಟುಕೊಳ್ಳಿ. ತಿಂಗಳಿಗೆ ಸಾವಿರಕ್ಕೆ ಸ್ವಲ್ಪ ಮೇಲೆ. ಆ ಆರು ತಿಂಗಳಲ್ಲಿ ಯಂತ್ರ ಸುಮ್ಮನೆ ಬಟ್ಟೆ ಹೊದ್ದುಕೊಂಡು ಕೂತಿದ್ದರೆ ದುಬಾರಿ ಬಾಡಿಗೆ. ಎಷ್ಟೋ ಶಾಲೆಗಳಲ್ಲಿ ಹಾಗೆ ಕೂತದ್ದನ್ನು ಕಂಡಿದ್ದೇವೆ, ಮೇಲೆ ಕಸೂತಿ ಹಾಕಿದ ಬಟ್ಟೆ, ಮುಂದೆ ಊದುಬತ್ತಿ. (31ರಲ್ಲಿ ಎಷ್ಟು ಮಂದಿ ಪಾಸಾದರು ಎಂದು ಕೇಳಬೇಡಿ. ಅದನ್ನು ಕಂಪ್ಯೂಟರಿನ ಖಾತೆಗೆ ಬರೆಯುವುದು ನ್ಯಾಯವಲ್ಲ, ಓದಿದವರು ಮಕ್ಕಳು.)

ದುಡ್ಡಿನ ಮಾತು ಇಷ್ಟೇ. ನಮ್ಮನ್ನು ನಿಜವಾಗಿ ಕಾಡಿದ್ದು ಬೇರೊಂದು. ಅದನ್ನು ಬೆಲೆಯ ಗದ್ದಲದಲ್ಲಿ ಆ ಸಭೆಯಲ್ಲಿ ಯಾರೂ ಕೇಳಲಿಲ್ಲ.

ವಿಂಡೋಸ್ 98ಕ್ಕೆ ಕನ್ನಡ ಬರುತ್ತಿರಲಿಲ್ಲ. ಬರಹದ ಕನ್ನಡ ಎಂಬುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟು. ನಮಗೆ ಕನ್ನಡ ಕಾಣುತ್ತಿತ್ತು, ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ನಮಗೂ ಹಾಗೇ ಕಾಣುತ್ತಿತ್ತು. ಫೈಲಿನ ಹೆಸರನ್ನು ಕನ್ನಡದಲ್ಲಿ ಇಡಲು ಆಗುತ್ತಿರಲಿಲ್ಲ, ಸಮಾಜವನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೆ ಮೈಕ್ರೋಸಾಫ್ಟಿನ ವಿಂಡೋಸಿನಲ್ಲಿ ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನ ಜತೆ. ಅಂದರೆ ನಾವು ಕೊಂಡ ಯಂತ್ರಕ್ಕೂ ಮೂರೂವರೆ ತಿಂಗಳ ಮೇಲೆ ಬಂದದ್ದಕ್ಕೂ ನಡುವೆ ಇದ್ದದ್ದು ಬರೀ ವೇಗ ಅಲ್ಲ, ಒಂದಕ್ಕೆ ಕನ್ನಡ ಗೊತ್ತಿಲ್ಲ, ಇನ್ನೊಂದಕ್ಕೆ ಗೊತ್ತು.

ಇದರಲ್ಲಿ ನಮ್ಮ ಜಿಲ್ಲೆಯವರಿಗೆ ಖುಷಿ ಕೊಡುವ ಒಂದು ಉಪಕತೆ ಉಂಟು. ಎಕ್ಸ್‌ಪಿಯಲ್ಲಿ ಮೊದಲು ಬಂದ ಭಾಷೆಗಳಲ್ಲಿ ಕನ್ನಡ, ತೆಲುಗು, ಗುಜರಾತಿ, ಪಂಜಾಬಿ ಇದ್ದವು. ಮಲಯಾಳ ಇರಲಿಲ್ಲ. ಮಲಯಾಳಕ್ಕೆ ಕಾರ್ತಿಕಾ ಫಾಂಟು ಸಿಕ್ಕಿದ್ದು 2004ರ ಸರ್ವಿಸ್ ಪ್ಯಾಕ್ 2ರಲ್ಲಿ, ಬಂಗಾಳಿಯ ಜತೆ. ಪುಸ್ತಕ, ಸುತ್ತೋಲೆ, ಪ್ರಶ್ನೆಪತ್ರಿಕೆ ಎಲ್ಲದರಲ್ಲೂ ಮಲಯಾಳದ ಹಿಂದೆ ಕಾದು ನಿಲ್ಲುವ ನಾವು ಈ ಒಂದು ಸಾಲಿನಲ್ಲಿ ಮೂರು ವರ್ಷ ಮುಂದೆ ನಿಂತಿದ್ದೆವು!

ನಿಂತಿದ್ದೆವು ಎಂಬುದು ಕಾಗದದಲ್ಲಿ ಮಾತ್ರ. ಮುಂದಿನ ಬೇಸಗೆಯಲ್ಲಿ ಪಕ್ಕದ ಊರಿನ ಶಾಲೆಯವರು ಎಕ್ಸ್‌ಪಿ ಇರುವ ಯಂತ್ರವನ್ನೇ ತಂದರು. ನಾವು ಸ್ವಲ್ಪ ಹೊಟ್ಟೆಕಿಚ್ಚಿನಲ್ಲಿಯೇ ನೋಡಲು ಹೋದೆವು. ಯಂತ್ರ ಚುರುಕು, ಪರದೆಯಲ್ಲಿ ಹಸಿರು ಗುಡ್ಡ ನೀಲಿ ಆಕಾಶ. ಕನ್ನಡ ಎಲ್ಲಿ? ಎಲ್ಲಿಯೂ ಇಲ್ಲ. ಯುನಿಕೋಡಿನ ಒಂದು ಕಡತ ತೆರೆದರೆ ಸಾಲು ಸಾಲು ಚೌಕ ಪೆಟ್ಟಿಗೆ. ಸಂಗತಿ ಏನೆಂದರೆ ಎಕ್ಸ್‌ಪಿಯಲ್ಲಿ ಭಾರತೀಯ ಭಾಷೆಗಳು ತಾವಾಗಿ ತೆರೆದುಕೊಳ್ಳುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲಿನೊಳಗೆ ಹೋಗಿ, ಭಾಷೆಗಳ ಪುಟದಲ್ಲಿ "ಸಂಕೀರ್ಣ ಲಿಪಿಗಳು" ಎಂಬ ಸಾಲಿನ ಎದುರು ಒಂದು ಗುರುತು ಹಾಕಿ, ವಿಂಡೋಸಿನ ಸಿಡಿ ಇಟ್ಟು, ಪುನಃ ಚಾಲೂ ಮಾಡಬೇಕು. ಆ ಗುರುತನ್ನು ಅಂಗಡಿಯವರು ಹಾಕಿರಲಿಲ್ಲ. ಸಿಡಿ ಕೊಟ್ಟಿರಲಿಲ್ಲ. ಆ ಶಾಲೆಯಲ್ಲಿ ಎರಡು ವರ್ಷ ಕನ್ನಡ ಗೊತ್ತಿರುವ ಯಂತ್ರ ಕನ್ನಡ ಗೊತ್ತಿಲ್ಲದ ಹಾಗೆ ಕೂತಿತ್ತು. ಅವರೂ ನಮ್ಮ ಹಾಗೆ ಬರಹದಲ್ಲೇ ಟೈಪು ಮಾಡುತ್ತಿದ್ದರು. ಹಾಗಾದರೆ ಹೆಚ್ಚು ಬಂದದ್ದು ಯಾವುದು, ಕಡಿಮೆ ಬಂದದ್ದು ಯಾವುದು?

ಸಿಂಪ್ಯೂಟರಿಗೆ ಕಾದವರ ಗತಿ ಏನಾಯಿತೆಂದು ಹೇಳಲಿಲ್ಲ. ಅದರ ಅಮಿಡಾ ಎಂಬ ರೂಪ ಮಾರುಕಟ್ಟೆಗೆ ಬಂದದ್ದು 2004ರಲ್ಲಿ, ಅತಿ ಕಡಿಮೆಯದಕ್ಕೆ 9,950 ರೂಪಾಯಿ. ಹೇಳಿದ ಬೆಲೆಗೆ ಹತ್ತಿರ ಹತ್ತಿರವೇ ಬಂತು, ಅದನ್ನು ಮೆಚ್ಚಬೇಕು. ಅಷ್ಟರಲ್ಲಿ ನಮ್ಮಲ್ಲಿ ಮೂರು ಬ್ಯಾಚು ಹತ್ತನೆಯದು ದಾಟಿ ಹೋಗಿದ್ದವು. ಯಂತ್ರ ಜಾಣ, ಆದರೆ ಹೆಚ್ಚು ಮಾರಾಟವಾಗಲಿಲ್ಲ. ಶಾಲೆಗಳ ಕಡೆಗೆ ಅದು ಬಂದದ್ದನ್ನು ನಾವಂತೂ ಕಾಣಲಿಲ್ಲ. ಆಮೇಲೆ ನೂರು ಡಾಲರಿನ ಲ್ಯಾಪ್‌ಟಾಪಿನ ಸುದ್ದಿ ಬಂತು, 2011ರಲ್ಲಿ ಆಕಾಶ್ ಟ್ಯಾಬ್ಲೆಟ್ಟಿನ ಸುದ್ದಿ ಬಂತು. ಪ್ರತಿ ಸಲ ಯಾವುದಾದರೊಂದು ಶಾಲೆಯ ಸಭೆಯಲ್ಲಿ ಪತ್ರಿಕೆಯ ತುಂಡು ಹಿಡಿದುಕೊಂಡು ಒಬ್ಬರು ಎದ್ದು ನಿಂತಿರಬೇಕು.

ನಮ್ಮ ಯಂತ್ರಕ್ಕೆ ಬೆಲೆ ಇಳಿದದ್ದರಿಂದ ಒಂದು ಉಪಕಾರವೂ ಆಯಿತು. ಮೆಮೊರಿಯ ಬೆಲೆ ನೆಲ ಕಚ್ಚಿದ್ದರಿಂದ 2002ರಲ್ಲಿ ಇನ್ನೊಂದು 128 ಎಂಬಿಯ ಪಟ್ಟಿಯನ್ನು ಅಧ್ಯಾಪಕರ ಚಹಾದ ಡಬ್ಬಿಯ ದುಡ್ಡಿನಲ್ಲಿ ತಂದು ಹಾಕಿದೆವು. ಅಲ್ಲಿಂದ ನಾಲ್ಕು ವರ್ಷ ಅದು ದುಡಿಯಿತು. ವಾರ್ಷಿಕೋತ್ಸವದ ಆಮಂತ್ರಣ, ಎಂಟನೆಯ ಮಕ್ಕಳ ಗೋಡೆ ಪತ್ರಿಕೆ, ಪಿಂಚಣಿಗೆ ಹೋಗುವವರ ಅರ್ಜಿ, ಊರಿನ ಯಕ್ಷಗಾನದ ಚೀಟಿ ಸಹ. 2006ರ ಮೇ ತಿಂಗಳ ಒಂದು ಸಂಜೆ ಸಿಡಿಲಿಗೆ ಹೋಯಿತು. ಪ್ಲಗ್ಗು ತೆಗೆದಿತ್ತು ಎಂದು ಪಿಯೋನ್ ಹೇಳಿದ, ತೆಗೆದಿರಲಿಲ್ಲ ಎಂದು ಹೆಡ್ಮಾಸ್ಟ್ರು ಹೇಳಿದರು.

ಆ ಹೊತ್ತಿಗೆ ಕೇರಳದ ಶಾಲೆಗಳು ವಿಂಡೋಸನ್ನು ಬಿಟ್ಟು ಗ್ನೂ-ಲಿನಕ್ಸಿಗೆ ತಿರುಗುತ್ತಿದ್ದವು. ಪಕ್ಕದ ಶಾಲೆಯವರ ಎಕ್ಸ್‌ಪಿಗೂ ಅಲ್ಲಿಗೆ ಗ್ರಹಣ. ಸರಕಾರದಿಂದ ಬಂದ ಯಂತ್ರಗಳಲ್ಲಿ ಕನ್ನಡ ಮೊದಲೇ ತೆರೆದಿತ್ತು, ಕೇದಗೆ, ಮಲ್ಲಿಗೆ ಎಂಬ ಫಾಂಟುಗಳಿದ್ದವು. ಆ ಹೆಸರು ಓದಿಯೇ ಮಕ್ಕಳಿಗೆ ಖುಷಿ. ಆದರೆ ನಮ್ಮ ನೂರ ನಲವತ್ತು ಪುಟ? ಅದು ಹದಿನೈದು ಫ್ಲಾಪಿಗಳಲ್ಲಿತ್ತು. ನಮ್ಮ ಮಳೆಗಾಲದಲ್ಲಿ ಕೊಡೆಗೂ ಬೂಷ್ಟು ಹಿಡಿಯುತ್ತದೆ, ಫ್ಲಾಪಿ ಯಾವ ಲೆಕ್ಕ? ತೆರೆದದ್ದು ಒಂಬತ್ತು. ತೆರೆದಾಗ ಬಂದದ್ದು ಕನ್ನಡವಲ್ಲ, ಆ ಅರ್ಥವಿಲ್ಲದ ಅಕ್ಷರಗಳ ಸಾಲು. ಬರಹದ ಜತೆ ಬರುವ ಪರಿವರ್ತಕದಲ್ಲಿ ಹಾಕಿ, ವಿಂಡೋಸ್ ಇರುವ ಮನೆಯೊಂದರಲ್ಲಿ ಎರಡು ಭಾನುವಾರ ಕೂತು, ಯುನಿಕೋಡಿಗೆ ತಂದೆವು. ವಿಜ್ಞಾನದ್ದು ಪೂರ್ತಿ ಸಿಕ್ಕಿತು. ಸಮಾಜದ್ದು ನಾಲ್ಕು ಪಾಠ ಹೋಯಿತು. ಬರೆದ ಮಾಸ್ಟ್ರು ಆಗಲೇ ನಿವೃತ್ತರಾಗಿದ್ದರು. ಫೋನು ಮಾಡಿ ಹೇಳಿದಾಗ, "ಹೋಗ್ಲಿ ಬಿಡಿ, ಈಗ ಸಿಲೆಬಸ್ಸೇ ಬೇರೆ ಅಲ್ವಾ" ಅಂದರು. ಸ್ವರ ಮಾತ್ರ ಹಾಗೆ ಹೇಳಲಿಲ್ಲ.

34 ಸಾವಿರಕ್ಕೆ ಕೊಂಡ ಯಂತ್ರ ಗುಜರಿಗೆ ಮುನ್ನೂರೈವತ್ತಕ್ಕೆ ಹೋಯಿತು, ಅದಕ್ಕೆ ನಮಗೆ ಬೇಸರ ಇಲ್ಲ. ಆ ನಾಲ್ಕು ಪಾಠಕ್ಕೆ ಉಂಟು.

ಈಗ ಶಾಲೆಗೆ ಕಂಪ್ಯೂಟರು ಕೊಳ್ಳುವ ತಲೆಬಿಸಿ ಪಿಟಿಎಗೆ ಇಲ್ಲ. 2018ರಲ್ಲಿ ಕೇರಳದ 45,000 ತರಗತಿಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಹಾಕುವ ಹೈಟೆಕ್ ಯೋಜನೆ ಬಂತು. ಏನು ಬೇಕು, ಯಾವಾಗ ಬೇಕು ಎಂದು ಮೇಲಿನವರೇ ತೀರ್ಮಾನಿಸುತ್ತಾರೆ. ತಲೆಬಿಸಿ ಈಗ ಮನೆಗಳಿಗೆ ಹೋಗಿದೆ. ಮಗಳು ಮಂಗಳೂರಿನ ಕಾಲೇಜಿಗೆ ಸೇರಿದಳು, ಲ್ಯಾಪ್‌ಟಾಪು ಬೇಕು, ಈಗ ತೆಗೆಯುವುದಾ ಓಣಂ ಆಫರಿಗೆ ಕಾಯುವುದಾ, ಅದು ಬಿಟ್ಟರೆ ದೀಪಾವಳಿ ಆಫರಿಗಾ ಎಂದು ಹಳೆ ವಿದ್ಯಾರ್ಥಿಗಳು ಕೇಳುತ್ತಾರೆ.

ಕಾದರೆ ಯಾವಾಗಲೂ ಇಳಿಯುತ್ತದೆ ಎಂದು ಇಲ್ಲ ಎಂಬುದನ್ನೂ ಹೇಳಬೇಕು. 2011ರಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ಹಾರ್ಡ್ ಡಿಸ್ಕಿನ ಕಾರ್ಖಾನೆಗಳು ಮುಳುಗಿದವು, ಆ ವರ್ಷದ ಕೊನೆಗೆ ಡಿಸ್ಕುಗಳ ಬೆಲೆ ಹೆಚ್ಚುಕಡಿಮೆ ಇಮ್ಮಡಿ. ಮೊನ್ನೆ 2025ರ ಕೊನೆಯಲ್ಲಿ, ಕೃತಕ ಬುದ್ಧಿಮತ್ತೆಯ ದೊಡ್ಡ ಕಂಪ್ಯೂಟರುಗಳಿಗೇ ಚಿಪ್ಪುಗಳು ಸಾಲದೆ ಮೆಮೊರಿಯ ಬೆಲೆ ಜಿಗಿಯಿತು. ಆಗ ದೀಪಾವಳಿ ಕಳೆಯಲಿ ಎಂದು ಕೂತವರು ಹೆಚ್ಚು ಕೊಟ್ಟರು. ಅಡಿಕೆಯ ಹಾಗೆ ಅದೂ ಒಮ್ಮೊಮ್ಮೆ ಏರುತ್ತದೆ. ಇನ್ನೊಂದು ಕಡೆ, 2007ರಲ್ಲಿ ಅಮೆರಿಕದಲ್ಲಿ ಮೊದಲ ಐಫೋನು 599 ಡಾಲರಿಗೆ ಬಂದು ಎರಡೇ ತಿಂಗಳು ಚಿಲ್ಲರೆಯಲ್ಲಿ 399 ಆಯಿತು. ಸಾಲುಗಟ್ಟಿ ನಿಂತು ಕೊಂಡವರು ಬೊಬ್ಬೆ ಹಾಕಿದಾಗ ಆಪಲ್‌ನವರು ನೂರು ಡಾಲರಿನ ಸಾಮಾನು ಕೊಳ್ಳಲು ಬಿಟ್ಟರು. ನಮ್ಮ ಮಂಗಳೂರಿನ ಅಂಗಡಿಯವ ಒಂದು ಮೌಸಿನ ಪ್ಯಾಡು ಕೊಟ್ಟಿದ್ದ.

ಈ ಸಲ ಕೇಳಿದವಳು ಆ 31ರಲ್ಲಿ ಒಬ್ಬಳು. ಹೊಲಿದ ಪುಸ್ತಕ ಅವಳ ತವರು ಮನೆಯಲ್ಲಿ ಇನ್ನೂ ಉಂಟಂತೆ. ಮಗಳು ಬಿಎಗೆ ಸೇರಿದ್ದಾಳೆ, ಕನ್ನಡ ಐಚ್ಛಿಕ. ಕ್ಲಾಸು ಯಾವಾಗ ಸುರು, ಮೊದಲ ಅಸೈನ್‌ಮೆಂಟು ಯಾವಾಗ ಕೊಡಬೇಕು ಎಂದು ನಾವು ಕೇಳಿದೆವು. ಕ್ಲಾಸು ಸುರುವಾಗಿ ಎರಡು ವಾರ ಆಗಿದೆ, ಈಗ ಗೆಳತಿಯ ಲ್ಯಾಪ್‌ಟಾಪಿನಲ್ಲಿ ರಾತ್ರಿ ಕೂತು ಮಾಡುತ್ತಾಳೆ ಎಂದಳು. ಹಾಗಾದರೆ ಈ ವಾರವೇ ತೆಗಿ, ತೆಗೆದ ಮೇಲೆ ಬೆಲೆ ನೋಡಬೇಡ ಎಂದೆವು. ಅಂಗಡಿಯಲ್ಲೇ ಕೂತು ಕನ್ನಡದಲ್ಲಿ ಒಂದು ಪುಟ ಟೈಪು ಮಾಡಿ ನೋಡಿ, ಫೈಲಿಗೆ ಕನ್ನಡದಲ್ಲೇ ಹೆಸರಿಡಿ, ಅದನ್ನು ನಮಗೆ ಮೇಲ್ ಮಾಡಿ, ಇಲ್ಲಿ ತೆರೆದು ಸರಿ ಕಾಣುತ್ತದಾ ಎಂದು ಹೇಳಿದ ಮೇಲೆ ದುಡ್ಡು ಕೊಡಿ ಎಂದೂ ಹೇಳಿದ್ದೇವೆ. ಬರುವ ಶನಿವಾರ ತಾಯಿ ಮಗಳು ಹೋಗುತ್ತಾರಂತೆ. ಚೆಕ್‌ಪೋಸ್ಟಿನ ಕಾಗದ ಬೇಕಾ ಮಾಸ್ಟ್ರೇ ಎಂದು ಕೇಳಿದಳು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಅದು ಬೇಡ.